ಕಡ್ಡಿಯ ಕಟ್ಟಿನಿಂದ ಅಂಕಿಯವರೆಗೆ: ತರಗತಿಗೆ ಬಗೆಬಗೆಯ ಕಲಿಕೋಪಕರಣಗಳು ಏಕೆ ಬೇಕು

ಮೂರನೆಯ ತರಗತಿಯ ಮಗುವಿಗೆ 52ರಿಂದ 27ನ್ನು ಕಳೆಯಲು ಹೇಳಿದಾಗ ಅದು 35 ಎಂದು ಬರೆಯುವುದನ್ನು ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದವರೆಲ್ಲರೂ ಕಂಡಿರುತ್ತಾರೆ. ಬಿಡಿ ಸ್ಥಾನದಲ್ಲಿ 2ರಿಂದ 7 ಹೋಗುವುದಿಲ್ಲವಾದ್ದರಿಂದ ಮಗು 7ರಿಂದ 2ನ್ನು ಕಳೆದು 5 ಎಂದು ಬರೆಯುತ್ತದೆ. ಹತ್ತರ ಸ್ಥಾನದಲ್ಲಿ 5ರಿಂದ 2ನ್ನು ಕಳೆದು 3 ಎಂದು ಬರೆಯುತ್ತದೆ. ಇದು ಗಮನವಿಲ್ಲದೆ ಮಾಡಿದ ತಪ್ಪಲ್ಲ. ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕೆಂದು ಹಿಂದಿನ ವರ್ಷ ಕಲಿತ ನಿಯಮವನ್ನು ಮಗು ನಿಷ್ಠೆಯಿಂದ ಪಾಲಿಸಿದೆ. ಅದಕ್ಕೆ ತಿಳಿಯದಿರುವುದು ಒಂದೇ ಸಂಗತಿ: ಎಡಗಡೆಯ 5 ಎಂಬುದು ಐದಲ್ಲ, ಐದು ಹತ್ತುಗಳು, ಬೇಕೆಂದಾಗ ಅವುಗಳಲ್ಲಿ ಒಂದನ್ನು ಬಿಚ್ಚಬಹುದು.

ಇಲ್ಲಿ ಶಿಕ್ಷಕಿ ತೆಂಗಿನ ಗರಿಯ ಕಡ್ಡಿಗಳನ್ನು ತರುತ್ತಾರೆ. ಹತ್ತು ಹತ್ತು ಕಡ್ಡಿಗಳಿಗೆ ರಬ್ಬರ್ ಬ್ಯಾಂಡ್ ಹಾಕಿ ಮಾಡಿದ ಐದು ಕಟ್ಟುಗಳು, ಜೊತೆಗೆ ಎರಡು ಬಿಡಿ ಕಡ್ಡಿಗಳು ಮಗುವಿನ ಮುಂದಿವೆ. ಏಳು ಬಿಡಿ ಕಡ್ಡಿಗಳನ್ನು ಕೊಡು ಎಂದಾಗ ಮಗು ಎರಡನ್ನು ಎತ್ತಿಕೊಂಡು ಒಂದು ಕ್ಷಣ ಸುಮ್ಮನಾಗುತ್ತದೆ. ಅನಂತರ ತಾನಾಗಿಯೇ ಒಂದು ಕಟ್ಟಿನ ರಬ್ಬರ್ ಬ್ಯಾಂಡನ್ನು ಬಿಚ್ಚುತ್ತದೆ. "ದಶಕ ಸಹಿತ ಕಳೆಯುವ ಲೆಕ್ಕ" ಎಂದು ನಾವು ಕರೆಯುವ ಇಡೀ ವಿಧಾನದ ಜೀವ ಆ ರಬ್ಬರ್ ಬ್ಯಾಂಡ್ ಬಿಚ್ಚುವ ಕ್ಷಣದಲ್ಲಿದೆ. ಏಳು ಬಿಡಿ ಕಡ್ಡಿಗಳ ಜೊತೆಗೆ ಎರಡು ಕಟ್ಟುಗಳನ್ನೂ ಕೊಟ್ಟ ಮೇಲೆ ಉಳಿದ ಕಡ್ಡಿಗಳನ್ನು ಎಣಿಸಿದರೆ ಎರಡು ಕಟ್ಟು, ಐದು ಬಿಡಿ. 35 ಏಕಲ್ಲ ಎಂಬುದನ್ನು ಯಾರೂ ಹೇಳಬೇಕಾಗಿಲ್ಲ.

ಕಲಿಕೋಪಕರಣದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ಆದರೆ ಕಡ್ಡಿಯ ಕಟ್ಟಿನಿಂದ ಚೆನ್ನಾಗಿ ಕಲಿತ ಅದೇ ಮಗು ಮರುದಿನ "ಇಪ್ಪತ್ತೇಳು" ಎಂದು ಕೇಳಿಸಿಕೊಂಡು 207 ಎಂದು ಬರೆಯುವುದುಂಟು. ಕನ್ನಡದ ಸಂಖ್ಯಾಪದಗಳು ಒಂದು ದೃಷ್ಟಿಯಿಂದ ಮಕ್ಕಳಿಗೆ ದೊಡ್ಡ ಉಪಕಾರ ಮಾಡುತ್ತವೆ. ಇಪ್ಪತ್ತು ಮತ್ತು ಏಳು ಎಂಬ ಎರಡು ಭಾಗಗಳು ಉಚ್ಚಾರದಲ್ಲಿಯೇ ಕೇಳಿಸುತ್ತವೆ. ಆದರೆ ಕೇಳಿದ್ದನ್ನು ಕೇಳಿದಂತೆಯೇ ಬರೆಯಲು ಹೊರಟ ಮಗು ಮೊದಲು 20 ಬರೆದು ಪಕ್ಕದಲ್ಲಿ 7 ಇಡುತ್ತದೆ. ಈ ತಪ್ಪನ್ನು ತಿದ್ದಲು ಕಡ್ಡಿಯ ಕಟ್ಟು ನೆರವಾಗುವುದಿಲ್ಲ, ಏಕೆಂದರೆ ಕಟ್ಟನ್ನು ಬಲಕ್ಕೆ ಇಟ್ಟರೂ ಎಡಕ್ಕೆ ಇಟ್ಟರೂ ಅದರ ಬೆಲೆ ಹತ್ತೇ ಆಗಿರುತ್ತದೆ. ಬರವಣಿಗೆಯಲ್ಲಿ ಸ್ಥಾನವೇ ಬೆಲೆಯನ್ನು ನಿರ್ಧರಿಸುತ್ತದೆ ಎಂಬ ಸಂಗತಿಯನ್ನು ಕಡ್ಡಿ ತೋರಿಸಲಾರದು. ಅದಕ್ಕೆ ಬೇರೆ ಉಪಕರಣ ಬೇಕು: 20 ಎಂದು ಬರೆದ ಅಗಲವಾದ ಕಾರ್ಡ್, 7 ಎಂದು ಬರೆದ ಕಿರಿದಾದ ಕಾರ್ಡ್. ಕಿರಿದನ್ನು ಅಗಲವಾದುದರ ಸೊನ್ನೆಯ ಮೇಲೆ ಸರಿಯಾಗಿ ಕೂರಿಸಿದಾಗ 27 ಕಾಣಿಸುತ್ತದೆ, ಎತ್ತಿದಾಗ ಅಡಗಿದ್ದ ಸೊನ್ನೆ ಮತ್ತೆ ಕಾಣಿಸುತ್ತದೆ. ಇಪ್ಪತ್ತರ ಸೊನ್ನೆ ಎಲ್ಲಿಗೆ ಹೋಯಿತು ಎಂಬ ಮಗುವಿನ ಪ್ರಶ್ನೆಗೆ ಇಷ್ಟು ನೇರವಾದ ಉತ್ತರವನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಮಣಿಚೌಕಟ್ಟಿನ ಗುಣ ಇನ್ನೊಂದು ಬಗೆಯದು. ಅಲ್ಲಿ ಎಲ್ಲ ಮಣಿಗಳೂ ಒಂದೇ ಗಾತ್ರದವು. ಯಾವ ಕಂಬಿಯಲ್ಲಿದೆ ಎಂಬುದರಿಂದ ಮಾತ್ರ ಮಣಿಯ ಬೆಲೆ ಗೊತ್ತಾಗುತ್ತದೆ. ಸ್ಥಾನದ ಮಹತ್ವವನ್ನು ಅದು ಚೆನ್ನಾಗಿ ತೋರಿಸುತ್ತದೆ, ಆದರೆ ಒಂದು ಮಣಿಯೊಳಗೆ ಹತ್ತು ಅಡಗಿದೆ ಎಂಬುದನ್ನು ಮಗು ನಂಬಿಕೊಳ್ಳಬೇಕಾಗುತ್ತದೆ. ಆದ್ದರಿಂದ ಕಡ್ಡಿಯ ಕಟ್ಟುಗಳನ್ನು ಬಿಚ್ಚಿ ಕಟ್ಟಿ ಅಭ್ಯಾಸವಾಗುವ ಮೊದಲೇ ಮಣಿಚೌಕಟ್ಟನ್ನು ಕೊಟ್ಟರೆ ಮಗು ಅದನ್ನು ಮಣಿ ಸರಿಸುವ ಇನ್ನೊಂದು ನಿಯಮವೆಂದು ಕಲಿಯುತ್ತದೆ. ಇನ್ನು ಸಂಖ್ಯಾರೇಖೆ ಇವೆರಡೂ ತೋರಿಸದ ಮೂರನೆಯ ಸಂಗತಿಯನ್ನು ತೋರಿಸುತ್ತದೆ: 27ಕ್ಕೂ 52ಕ್ಕೂ ನಡುವೆ ಎಷ್ಟು ದೂರವಿದೆ, 27ರಿಂದ 30ಕ್ಕೆ ಮೂರು ಹೆಜ್ಜೆ, ಅಲ್ಲಿಂದ 52ಕ್ಕೆ ಇಪ್ಪತ್ತೆರಡು ಹೆಜ್ಜೆ ಎಂದು ಎಣಿಸಿದರೆ ಕಳೆಯುವ ಲೆಕ್ಕವು ದೂರವನ್ನು ಅಳೆಯುವ ಲೆಕ್ಕವೂ ಆಗುತ್ತದೆ.

ಈ ಲೇಖನದಲ್ಲಿ ನಾನು ಹೇಳಬಯಸುವ ಮುಖ್ಯ ಮಾತು ಇದೇ. ಯಾವ ಕಲಿಕೋಪಕರಣವೂ ಪರಿಕಲ್ಪನೆಯನ್ನು ಪೂರ್ತಿಯಾಗಿ ತೋರಿಸುವುದಿಲ್ಲ; ಪ್ರತಿಯೊಂದೂ ಒಂದು ಮುಖವನ್ನು ಬೆಳಕಿಗೆ ತಂದು ಮತ್ತೊಂದನ್ನು ಮರೆಮಾಡುತ್ತದೆ. ತರಗತಿಯಲ್ಲಿ ಬಗೆಬಗೆಯ ಉಪಕರಣಗಳು ಇರಬೇಕಾದುದು ಮಕ್ಕಳಿಗೆ ಬೇಸರವಾಗದಿರಲಿ ಎಂಬ ಕಾರಣಕ್ಕಲ್ಲ, ಒಂದು ಬಚ್ಚಿಟ್ಟದ್ದನ್ನು ಇನ್ನೊಂದು ಹೊರತೆಗೆಯಬೇಕು ಎಂಬ ಕಾರಣಕ್ಕೆ.

ಭಿನ್ನರಾಶಿಯ ಪಾಠದಲ್ಲಿ ಇದು ಇನ್ನೂ ಸ್ಪಷ್ಟವಾಗುತ್ತದೆ. ರೊಟ್ಟಿಯನ್ನು ನಾಲ್ಕು ಸಮಭಾಗ ಮಾಡಿ ಮೂರನ್ನು ತೋರಿಸಿ ಮುಕ್ಕಾಲು ಎಂದು ಹೇಳಿಕೊಡುವುದು ನಮ್ಮ ಶಾಲೆಗಳಲ್ಲಿ ರೂಢಿ, ಅದು ಒಳ್ಳೆಯ ಆರಂಭವೂ ಹೌದು. ಆದರೆ ವರ್ಷವಿಡೀ ರೊಟ್ಟಿಯೊಂದನ್ನೇ ಕಂಡ ಮಗುವಿಗೆ 5/4 ಎಂಬ ಭಿನ್ನರಾಶಿ ಅಸಂಬದ್ಧವಾಗಿ ತೋರುತ್ತದೆ. ನಾಲ್ಕೇ ಚೂರುಗಳಿರುವ ರೊಟ್ಟಿಯಿಂದ ಐದು ಚೂರು ತೆಗೆಯುವುದು ಹೇಗೆ ಎಂದು ಅದು ಕೇಳಿದರೆ ಆ ಪ್ರಶ್ನೆಯಲ್ಲಿ ತಪ್ಪಿಲ್ಲ. ಹನ್ನೆರಡು ಹುಣಸೆ ಬೀಜಗಳ ಮುಕ್ಕಾಲು ಭಾಗ ಒಂಬತ್ತು ಎಂಬುದೂ ರೊಟ್ಟಿಯಲ್ಲಿ ಕಾಣುವುದಿಲ್ಲ. ಉದ್ದನೆಯ ಕಾಗದದ ಪಟ್ಟಿಯನ್ನು ಮಡಿಸಿ ಗೆರೆ ಹಾಕಿ, ಅಂತಹದೇ ಇನ್ನೊಂದು ಪಟ್ಟಿಯನ್ನು ಅದರ ಮುಂದೆ ಜೋಡಿಸಿದಾಗ 5/4 ಎಂಬುದು 1ನ್ನು ದಾಟಿ ಸ್ವಲ್ಪ ಮುಂದಿರುವ ಒಂದು ಸ್ಥಳವಾಗಿ ಕಾಣಿಸುತ್ತದೆ, ಭಿನ್ನರಾಶಿಯೂ ಒಂದು ಸಂಖ್ಯೆಯೇ ಎಂಬ ಅರಿವು ಅಲ್ಲಿಂದ ಹುಟ್ಟುತ್ತದೆ. ರೊಟ್ಟಿ, ಬೀಜ, ಪಟ್ಟಿ ಇವು ಮೂರೂ ಬೇಕು. ಮೂರರಲ್ಲಿಯೂ ಒಂದೇ ಮುಕ್ಕಾಲು ಇದೆ ಎಂದು ಮಗುವಿನ ಬಾಯಿಂದಲೇ ಬರುವವರೆಗೆ ಒಂದರಿಂದ ಮತ್ತೊಂದಕ್ಕೆ ಹೋಗಿ ಬರುತ್ತಿರಬೇಕು.

ಈ ಹೋಗಿ ಬರುವ ಕೆಲಸ ದೊಡ್ಡವರಿಗೆ ತೋರುವಷ್ಟು ಸುಲಭವಲ್ಲ. ಅಮೆರಿಕದ ಮನೋವಿಜ್ಞಾನಿ ಜೂಡಿ ಡಿಲೋಚೆ 1987ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದನ್ನು ಮನಮುಟ್ಟುವಂತೆ ತೋರಿಸಿತು. ಒಂದು ಕೋಣೆ, ಅದರ ಪುಟ್ಟ ಮಾದರಿ. ಮಾದರಿಯಲ್ಲಿ ಚಿಕ್ಕ ಗೊಂಬೆಯನ್ನು ಬಚ್ಚಿಡುವುದನ್ನು ಮಗುವಿಗೆ ತೋರಿಸಿ, ನಿಜವಾದ ಕೋಣೆಯಲ್ಲಿ ದೊಡ್ಡ ಗೊಂಬೆ ಅದೇ ಜಾಗದಲ್ಲಿದೆ, ಹುಡುಕು ಎಂದು ಹೇಳಲಾಯಿತು. ಮೂರು ವರ್ಷದ ಮಕ್ಕಳು ಬಹುಮಟ್ಟಿಗೆ ನೇರವಾಗಿ ಹೋಗಿ ಗೊಂಬೆಯನ್ನು ತೆಗೆದರು. ಎರಡೂವರೆ ವರ್ಷದ ಮಕ್ಕಳಿಗೆ ಮಾದರಿಯಲ್ಲಿ ಗೊಂಬೆ ಎಲ್ಲಿತ್ತೆಂಬ ನೆನಪು ಚೆನ್ನಾಗಿಯೇ ಇದ್ದರೂ ಕೋಣೆಯಲ್ಲಿ ಹುಡುಕಲಾಗಲಿಲ್ಲ. ಮಾದರಿಯು ಅವರಿಗೆ ತನ್ನಷ್ಟಕ್ಕೆ ತಾನೇ ಒಂದು ಆಟಿಕೆಯಾಗಿತ್ತು, ಬೇರೊಂದನ್ನು ಸೂಚಿಸುವ ಗುರುತಾಗಿರಲಿಲ್ಲ. ಒಂದು ವಸ್ತುವನ್ನು ವಸ್ತುವಾಗಿಯೂ ಸಂಕೇತವಾಗಿಯೂ ಏಕಕಾಲದಲ್ಲಿ ಕಾಣುವುದು ಕಲಿತು ಬರುವ ಶಕ್ತಿ. ಕಡ್ಡಿಯ ಕಟ್ಟೇ "ಹತ್ತು" ಎಂಬುದು ನಮಗೆ ಎದ್ದು ಕಾಣುತ್ತದೆ, ಏಕೆಂದರೆ ನಮಗೆ ಹತ್ತು ಎಂದರೆ ಏನೆಂದು ಮೊದಲೇ ಗೊತ್ತು. ಮಗುವಿಗೆ ಅದು ಇನ್ನೂ ಕಡ್ಡಿಯೇ.

ಇದೇ ಕಾರಣದಿಂದ ಉಪಕರಣವು ಹೆಚ್ಚು ಆಕರ್ಷಕವಾದಷ್ಟೂ ಹೆಚ್ಚು ಉಪಯುಕ್ತ ಎಂಬ ನಂಬಿಕೆಯನ್ನು ಎಚ್ಚರದಿಂದ ನೋಡಬೇಕು. ಲೆಕ್ಕ ಬಿಡಿಸುವಾಗ ನಿಜವಾದ ನೋಟಿನಂತೆಯೇ ಕಾಣುವ ಆಟಿಕೆ ನೋಟುಗಳನ್ನು ಬಳಸಿದ ಮಕ್ಕಳು ಹೆಚ್ಚು ತಪ್ಪು ಮಾಡಿದರೆಂದು 2009ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಹೇಳುತ್ತದೆ. ಆದರೆ ಅವರು ಮಾಡಿದ ತಪ್ಪುಗಳಲ್ಲಿ ಪರಿಕಲ್ಪನೆಯ ತಪ್ಪುಗಳ ಪಾಲು ಕಡಿಮೆಯಿತ್ತು. ನೋಟಿನ ಚಿತ್ರ, ಬಣ್ಣ, ವಿವರಗಳು ಗಮನವನ್ನು ಎಳೆಯುತ್ತವೆ, ಅದೇ ಸಮಯದಲ್ಲಿ ಅಂಗಡಿಯಲ್ಲಿ ಕಂಡ ಲೆಕ್ಕದ ನೆನಪನ್ನೂ ಎಬ್ಬಿಸುತ್ತವೆ. ಆದ್ದರಿಂದ ಮಕ್ಕಳ ಸಂತೆಯಲ್ಲಿ, ಮೆಟ್ರಿಕ್ ಮೇಳದಲ್ಲಿ ನಿಜವಾದ ತರಕಾರಿ, ತಕ್ಕಡಿ, ಚಿಲ್ಲರೆ ಹಣ ಇರಲೇಬೇಕು, ಅಲ್ಲಿ ಲೆಕ್ಕದ ಅರ್ಥ ಮುಖ್ಯ. ಲೆಕ್ಕದ ವಿಧಾನವನ್ನು ಅಭ್ಯಾಸ ಮಾಡುವಾಗ ಸಾದಾ ಬೀಜ, ಸಾದಾ ಕಾರ್ಡ್ ಸಾಕು. ಹೂವಿನಾಕಾರದ, ಮಿಂಚುವ ಮಣಿಗಳಿಗಿಂತ ಒಂದೇ ಬಗೆಯ ಹೊಂಗೆ ಬೀಜಗಳು ಎಣಿಕೆಗೆ ಉತ್ತಮವೆಂದು ನಾನು ತಿಳಿದಿದ್ದೇನೆ.

ಗೋಡೆಯ ವಿಷಯವೂ ಹೀಗೆಯೇ. ಶಿಶುವಿಹಾರದ ಮಕ್ಕಳಿಗೆ ಚಿತ್ರಪಟಗಳಿಂದ ತುಂಬಿದ ಕೋಣೆಯಲ್ಲಿಯೂ ಬರಿಯ ಗೋಡೆಯ ಕೋಣೆಯಲ್ಲಿಯೂ ಪಾಠ ಮಾಡಿ ಹೋಲಿಸಿದ 2014ರ ಇನ್ನೊಂದು ಅಧ್ಯಯನದಲ್ಲಿ, ತುಂಬಿದ ಕೋಣೆಯಲ್ಲಿ ಮಕ್ಕಳ ಗಮನ ಹೆಚ್ಚು ಚದುರಿತು, ಕಲಿಕೆಯೂ ಕಡಿಮೆಯಾಯಿತು. ಇದರಿಂದ ಗೋಡೆಗಳನ್ನು ಬೋಳು ಮಾಡಬೇಕೆಂದು ತೀರ್ಮಾನಿಸಬೇಕಾಗಿಲ್ಲ. ಜೂನ್ ತಿಂಗಳಲ್ಲಿ ಅಂಟಿಸಿದ ಚಾರ್ಟು ಮಾರ್ಚ್‌ವರೆಗೂ ಅಲ್ಲೇ ಇದ್ದರೆ ಅದನ್ನು ಯಾರೂ ಓದುವುದಿಲ್ಲ. ಈ ವಾರದ ಪಾಠಕ್ಕೆ ಸಂಬಂಧಿಸಿದ ಎರಡು ಚಾರ್ಟುಗಳು ಮಕ್ಕಳ ಕಣ್ಣಿನ ಎತ್ತರದಲ್ಲಿದ್ದರೆ ಓದುತ್ತಾರೆ.

ಉಪಕರಣಗಳ ಸುತ್ತಲೇ ತರಗತಿಯನ್ನು ಕಟ್ಟಿದ ಪ್ರಯತ್ನವೆಂದರೆ ನಮ್ಮಲ್ಲಿ ಎಲ್ಲಕ್ಕಿಂತ ಮೊದಲು ನಲಿ-ಕಲಿಯನ್ನು ನೆನೆಯಬೇಕು. ಆಂಧ್ರಪ್ರದೇಶದ ರಿಷಿ ವ್ಯಾಲಿಯಲ್ಲಿ ಬಹುವರ್ಗ ಬೋಧನೆಗೆಂದು, ಅಂದರೆ ಹಲವು ತರಗತಿಗಳ ಮಕ್ಕಳಿಗೆ ಒಟ್ಟಿಗೆ ಕಲಿಸಲೆಂದು, ರೂಪುಗೊಂಡಿದ್ದ ಪದ್ಧತಿಯನ್ನು ನೋಡಿಬಂದ ಶಿಕ್ಷಕರು 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಇದನ್ನು ಆರಂಭಿಸಿದರು; 2009-10ರ ಹೊತ್ತಿಗೆ ಇದು ರಾಜ್ಯದ ಸರ್ಕಾರಿ ಕನ್ನಡ ಮಾಧ್ಯಮ ಪ್ರಾಥಮಿಕ ಶಾಲೆಗಳಿಗೆ ವಿಸ್ತರಿಸಿತು. ಪಾಠವನ್ನು ಸಣ್ಣ ಸಣ್ಣ ಹಂತಗಳಾಗಿ ಒಡೆದು ಕಾರ್ಡುಗಳಲ್ಲಿಟ್ಟು, ಆ ಹಂತಗಳನ್ನು ಕಲಿಕಾ ಏಣಿಯಲ್ಲಿ ಮೈಲಿಗಲ್ಲುಗಳಾಗಿ ಜೋಡಿಸಲಾಗಿದೆ. ಮಗು ತಾನು ಯಾವ ಮೆಟ್ಟಿಲಿನಲ್ಲಿದೆ ಎಂಬುದನ್ನು ನೋಡಿ, ಕಾರ್ಡ್ ತೆಗೆದುಕೊಂಡು, ಅದಕ್ಕೆ ತಕ್ಕ ಗುಂಪಿನ ತಟ್ಟೆಯ ಬಳಿ ಕೂರುತ್ತದೆ. ಒಂದು ಗುಂಪಿಗೆ ಶಿಕ್ಷಕರ ಪೂರ್ಣ ಬೆಂಬಲ, ಇನ್ನೊಂದಕ್ಕೆ ಭಾಗಶಃ ಬೆಂಬಲ, ಮತ್ತೆರಡು ಗುಂಪುಗಳಲ್ಲಿ ಸಹಪಾಠಿಗಳ ನೆರವು, ಕೊನೆಯದರಲ್ಲಿ ಸ್ವಕಲಿಕೆ. ಮಕ್ಕಳು ಮಾಡಿದ ಚಿತ್ರ, ಬರಹಗಳು ತಲೆಯ ಮೇಲೆ ದಾರದಲ್ಲಿ ತೂಗುವ ಚಪ್ಪರವೂ ಅಲ್ಲಿಯ ಉಪಕರಣವೇ.

ಅಕ್ಷರ ಕಲಿಕೆಯ ಮಟ್ಟಿಗೆ ನಲಿ-ಕಲಿ ಮಾಡಿದ ಬದಲಾವಣೆಯನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. ವರ್ಣಮಾಲೆಯ ಕ್ರಮ ಉಚ್ಚಾರಣೆಯ ಶಾಸ್ತ್ರಕ್ಕೆ ಅನುಗುಣವಾದ ಅದ್ಭುತ ವ್ಯವಸ್ಥೆ, ಆದರೆ ಬರೆಯಲು ಆಗ ತಾನೇ ಕೈ ಇಟ್ಟ ಮಗುವಿಗೆ ಅ, ಆ, ಇ, ಈ ಆಕಾರಗಳು ತೊಡಕಿನವು, ಅವುಗಳಿಂದಷ್ಟೇ ಹೆಚ್ಚಿನ ಪದಗಳೂ ಆಗುವುದಿಲ್ಲ. ನಲಿ-ಕಲಿಯಲ್ಲಿ ಮೊದಲು ಬರುವ ಗುಂಪು ರ, ಗ, ಸ, ದ, ಅ. ಈ ಐದು ಅಕ್ಷರಗಳ ಕಾರ್ಡುಗಳನ್ನು ಅದಲುಬದಲು ಮಾಡಿದರೆ ಸರ, ದರ, ಅಗಸ, ಅರಸ, ಗರಗಸ, ದಸರ ಎಂದು ಪದಗಳು ಸಿಗುತ್ತವೆ. ಗುಣಿತವಿಲ್ಲ, ಒತ್ತಕ್ಷರವಿಲ್ಲ, ಆದರೂ ಮಗು ತಿಂಗಳೊಳಗೆ "ಓದುತ್ತದೆ". ಅನಂತರ ಜ, ವ, ಮ, ಬ, ನ. ಪುಸ್ತಕದ ಪುಟದಲ್ಲಿ ಅಕ್ಷರ ಕದಲುವುದಿಲ್ಲ, ಕಾರ್ಡಿನಲ್ಲಿ ಕದಲುತ್ತದೆ. ಅಕ್ಷರಗಳ ಸ್ಥಾನ ಬದಲಾದರೆ ಪದ ಬದಲಾಗುತ್ತದೆ ಎಂಬ ಓದಿನ ಮೂಲತತ್ತ್ವವನ್ನು ಕಲಿಸಲು ಈ ಕದಲುವಿಕೆಯೇ ಬೇಕಾಗಿತ್ತು. ಒತ್ತಕ್ಷರಕ್ಕೆ ಬಂದಾಗಲೂ ಇದೇ ಗುಣ ನೆರವಾಗುತ್ತದೆ. "ಸೂರ್ಯ" ಎಂಬಲ್ಲಿ ಮೊದಲು ಉಚ್ಚರಿಸುವ ರ್ ಬರವಣಿಗೆಯಲ್ಲಿ ಯಕಾರದ ಆಚೆಗೆ ಹೋಗಿ ಅರ್ಕಾವತ್ತಾಗಿ ಕೂರುತ್ತದೆ. ಕಾರ್ಡುಗಳನ್ನು ಮೊದಲು ಕೇಳುವ ಕ್ರಮದಲ್ಲಿಟ್ಟು, ಆಮೇಲೆ ಆ ಒಂದು ಕಾರ್ಡನ್ನು ಮಗುವಿನ ಕೈಯಿಂದಲೇ ಬಲಕ್ಕೆ ಸರಿಸಿದರೆ ಕಿವಿಯ ಕ್ರಮಕ್ಕೂ ಕಣ್ಣಿನ ಕ್ರಮಕ್ಕೂ ಇರುವ ವ್ಯತ್ಯಾಸ ಒಮ್ಮೆಗೇ ತಿಳಿಯುತ್ತದೆ.

ಕಾರ್ಡು ಮರೆಮಾಡುವುದೂ ಉಂಟು. ಬಿಡಿ ಪದಗಳನ್ನೇ ಓದುತ್ತ ಬಂದ ಮಗುವಿಗೆ ಕಥೆಯ ಓಟ, ಮುಂದೇನಾಯಿತೆಂಬ ಕುತೂಹಲ ದೊರೆಯುವುದಿಲ್ಲ. ಆದ್ದರಿಂದ ಕಾರ್ಡುಗಳಿರುವ ಕೋಣೆಯಲ್ಲಿ ಚಿತ್ರಕಥೆಯ ಪುಸ್ತಕಗಳು, ಶಿಕ್ಷಕರು ಗಟ್ಟಿಯಾಗಿ ಓದಿ ಹೇಳುವ ಕಥೆಗಳು, ಆಕಾಶವಾಣಿಯಲ್ಲಿ ಬಂದ ಕೇಳಿ-ಕಲಿ, ಚುಕ್ಕಿ-ಚಿನ್ನದಂತಹ ಕಾರ್ಯಕ್ರಮಗಳು ಇರಬೇಕು. ಪಠ್ಯ ಕಾಣಿಸದೆ ಮಾತು ಮಾತ್ರ ಕೇಳುವಾಗ ಮಗು ಚಿತ್ರವನ್ನು ತಾನೇ ಕಟ್ಟಿಕೊಳ್ಳಬೇಕಾಗುತ್ತದೆ. ಇದು ವಿಡಿಯೊ ಮಾಡಲಾರದ ಕೆಲಸ.

ವಿಜ್ಞಾನ ಮತ್ತು ಭೂಗೋಳದಲ್ಲಿ ಒಂದೇ ಉಪಕರಣದ ಮೇಲೆ ಭಾರ ಹಾಕಿದರೆ ತಪ್ಪು ತಿಳಿವಳಿಕೆಯೇ ಬೇರೂರುತ್ತದೆ. ಸೌರವ್ಯೂಹದ ಚಾರ್ಟು ಗ್ರಹಗಳ ಕ್ರಮವನ್ನು ಸರಿಯಾಗಿ ತೋರಿಸುತ್ತದೆ, ಆದರೆ ಗಾತ್ರ ಮತ್ತು ದೂರವನ್ನು ಕಾಗದದ ಅಗಲಕ್ಕೆ ತಕ್ಕಂತೆ ಕುಗ್ಗಿಸಿರುತ್ತದೆ. ಗ್ರಹಗಳು ಒಂದರ ಪಕ್ಕ ಒಂದು ಸಾಲಾಗಿ ನಿಂತಿವೆ ಎಂದೇ ಅನೇಕರು ದೊಡ್ಡವರಾದ ಮೇಲೂ ನಂಬಿರುತ್ತಾರೆ. ಚಾರ್ಟು ಮಡಿಸಿಟ್ಟು ಮಕ್ಕಳನ್ನು ಮೈದಾನಕ್ಕೆ ಕರೆದೊಯ್ಯಿರಿ. ಸುಮಾರು 22 ಸೆಂಟಿಮೀಟರ್ ವ್ಯಾಸದ ಫುಟ್‌ಬಾಲ್ ಸೂರ್ಯನಾದರೆ, 2 ಮಿಲಿಮೀಟರ್ ದಪ್ಪದ ಸಾಸಿವೆ ಕಾಳು ಭೂಮಿ. ಆ ಸಾಸಿವೆಯನ್ನು ಇಡಬೇಕಾದ ಜಾಗ ಚೆಂಡಿನಿಂದ ಸುಮಾರು 24 ಮೀಟರ್ ದೂರದಲ್ಲಿದೆ. ಅರ್ಧ ಮಿಲಿಮೀಟರಿನ ಚುಕ್ಕೆಯಾದ ಚಂದ್ರ ಭೂಮಿಯಿಂದ 6 ಸೆಂಟಿಮೀಟರ್ ದೂರದಲ್ಲಿ. ನೆಪ್ಚೂನ್ ಇಡಲು ಸುಮಾರು 700 ಮೀಟರ್ ನಡೆಯಬೇಕು, ಅಂದರೆ ಬಹಳಷ್ಟು ಹಳ್ಳಿಗಳಲ್ಲಿ ಊರಿನ ಆಚೆಗೇ ಹೋಗಬೇಕು. ಬಾಹ್ಯಾಕಾಶವು ಬಹುಪಾಲು ಖಾಲಿ ಎಂಬ ವಾಕ್ಯದ ಅರ್ಥ ನಡೆದ ಕಾಲುಗಳಿಗೆ ತಿಳಿಯುತ್ತದೆ. ಆದರೆ ಈ ಮಾದರಿಯಲ್ಲಿ ಗ್ರಹಗಳು ತಿರುಗುವುದಿಲ್ಲ, ಹಗಲು ರಾತ್ರಿ ಆಗುವುದಿಲ್ಲ. ಅದಕ್ಕೆ ಕತ್ತಲೆಯ ಕೋಣೆಯಲ್ಲಿ ಗೋಳ ಮತ್ತು ಟಾರ್ಚ್ ಬೇಕು.

ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಸಮೋನ್ನತಿ ರೇಖೆಗಳನ್ನು ಪ್ರೌಢಶಾಲೆಯ ಮಕ್ಕಳು ಸಾಮಾನ್ಯವಾಗಿ ಬಾಯಿಪಾಠ ಮಾಡುತ್ತಾರೆ. ಜೇಡಿಮಣ್ಣಿನಲ್ಲಿ ಒಂದು ಕಡೆ ಕಡಿದಾಗಿಯೂ ಇನ್ನೊಂದು ಕಡೆ ಇಳಿಜಾರಾಗಿಯೂ ಇರುವ ಗುಡ್ಡ ಮಾಡಿ ಟಬ್ಬಿನಲ್ಲಿಟ್ಟು, 2 ಸೆಂಟಿಮೀಟರಿನಂತೆ ನೀರು ಏರಿಸುತ್ತ ಪ್ರತಿ ಸಲ ನೀರಿನ ಅಂಚನ್ನು ಮೊಳೆಯಿಂದ ಗೀರಿ, ಕೊನೆಗೆ ನೀರು ಚೆಲ್ಲಿ ಮೇಲಿನಿಂದ ನೋಡಿದರೆ ನಕ್ಷೆಯೇ ಎದುರಿಗಿರುತ್ತದೆ. ಕಡಿದಾದ ಕಡೆ ಗೆರೆಗಳು ಒತ್ತಾಗಿವೆ ಏಕೆ ಎಂದು ಯಾರೂ ವಿವರಿಸಬೇಕಾಗಿಲ್ಲ. ಇದಕ್ಕೆ ತಗಲುವ ಖರ್ಚು ಏನೂ ಇಲ್ಲ.

ಖರ್ಚಿನ ಮಾತು ಬಂದುದರಿಂದ ಒಂದು ಸಂಗತಿ. 1987ರ ಕಪ್ಪುಹಲಗೆ ಕಾರ್ಯಾಚರಣೆ (ಆಪರೇಷನ್ ಬ್ಲ್ಯಾಕ್‌ಬೋರ್ಡ್) ಎಂಬ ಕೇಂದ್ರ ಯೋಜನೆಯಿಂದ ಹಿಡಿದು 2009ರ ಶಿಕ್ಷಣ ಹಕ್ಕು ಕಾಯ್ದೆಯವರೆಗೆ ಬೋಧನಾ ಸಾಮಗ್ರಿಯನ್ನು ಶಾಲೆಯ ಅಗತ್ಯವೆಂದು ಸರ್ಕಾರ ಒಪ್ಪಿಕೊಂಡಿದೆ. ಸರ್ವ ಶಿಕ್ಷಣ ಅಭಿಯಾನದ ಕಾಲದಲ್ಲಿ ಪ್ರತಿ ಶಿಕ್ಷಕರಿಗೂ ವರ್ಷಕ್ಕೆ 500 ರೂಪಾಯಿ ಟಿ.ಎಲ್.ಎಂ. (ಬೋಧನಾ-ಕಲಿಕಾ ಸಾಮಗ್ರಿ) ಅನುದಾನ ಬರುತ್ತಿತ್ತು. ನಾನು ನೋಡಿದ ಶಾಲೆಯೊಂದರಲ್ಲಿ ಗಣಿತದ ಕಿಟ್ಟು ಪೆಟ್ಟಿಗೆಯ ಅಂಟುಪಟ್ಟಿಯನ್ನೂ ಬಿಚ್ಚದೆ ಬೀರುವಿನಲ್ಲಿತ್ತು. ಒಂದು ಘನಾಕೃತಿ ಕಳೆದರೂ ಲೆಕ್ಕ ಕೊಡಬೇಕಾಗುತ್ತದೆ ಎಂಬ ಭಯವೇ ಅದಕ್ಕೆ ಕಾರಣವಾಗಿತ್ತು. ಮಕ್ಕಳ ಕೈಯಲ್ಲಿ ಸವೆಯುವುದು ಉಪಕರಣದ ಧರ್ಮ, ಅದನ್ನು ದಾಸ್ತಾನು ಪುಸ್ತಕ ಒಪ್ಪಿಕೊಳ್ಳಬೇಕು. ಮಧ್ಯಪ್ರದೇಶದ ಹೊಶಂಗಾಬಾದ್ ಜಿಲ್ಲೆಯಲ್ಲಿ 1972ರಲ್ಲಿ ಆರಂಭವಾದ ವಿಜ್ಞಾನ ಬೋಧನಾ ಕಾರ್ಯಕ್ರಮದ ಸಂಪರ್ಕದಿಂದ ಈ ಕ್ಷೇತ್ರಕ್ಕೆ ಬಂದ ಅರವಿಂದ ಗುಪ್ತಾ ಅವರು ಬೆಂಕಿಕಡ್ಡಿ ಮತ್ತು ಸೈಕಲ್ ವಾಲ್ವ್ ಟ್ಯೂಬಿನ ತುಂಡುಗಳಿಂದ ಆಕೃತಿಗಳನ್ನು ಕಟ್ಟಿ ತೋರಿಸಿದರು. ಕಡ್ಡಿಗಳ ಚೌಕವನ್ನು ಒತ್ತಿದರೆ ವಾಲುತ್ತದೆ, ತ್ರಿಕೋನ ವಾಲುವುದಿಲ್ಲ. ಸೇತುವೆಗಳಲ್ಲಿ, ವಿದ್ಯುತ್ ಗೋಪುರಗಳಲ್ಲಿ ತ್ರಿಕೋನಗಳೇ ಏಕಿವೆ ಎಂಬುದಕ್ಕೆ ಬೆರಳಿಗೇ ಉತ್ತರ ಸಿಗುತ್ತದೆ. ಮುರಿದರೆ ಇನ್ನೊಂದು ಕಡ್ಡಿ ಇದೆ.

ಕಂಪ್ಯೂಟರಿನ ಸಿಮ್ಯುಲೇಶನ್‌ಗಳನ್ನೂ ಇದೇ ಅಳತೆಗೋಲಿನಿಂದ ನೋಡಬೇಕು. ವಿದ್ಯುನ್ಮಂಡಲದ ಸಿಮ್ಯುಲೇಶನ್ ತಂತಿಯೊಳಗೆ ಚಲಿಸುವ ಎಲೆಕ್ಟ್ರಾನ್‌ಗಳನ್ನು ಚುಕ್ಕೆಗಳಾಗಿ ತೋರಿಸುತ್ತದೆ, ಅದನ್ನು ಯಾವ ನಿಜವಾದ ತಂತಿಯೂ ತೋರಿಸಲಾರದು. ಆದರೆ ಅಲ್ಲಿ ತಂತಿಯ ತುದಿ ತುಕ್ಕು ಹಿಡಿದಿರುವುದಿಲ್ಲ, ಶೆಲ್ ಖಾಲಿಯಾಗಿರುವುದಿಲ್ಲ, ಬಲ್ಬಿಗೆ ಎರಡು ಕಡೆ ಸಂಪರ್ಕ ಬೇಕೆಂದು ತಡಕಾಡಿ ಕಂಡುಕೊಳ್ಳುವ ಅವಕಾಶವೂ ಕಡಿಮೆ. ಮೊದಲು ಕೈಯಲ್ಲಿ ಬಲ್ಬು ಹೊತ್ತಿಸಿ, ಆಮೇಲೆ ಪರದೆಯಲ್ಲಿ ಒಳಗೇನಾಗುತ್ತಿದೆ ಎಂದು ನೋಡುವ ಕ್ರಮವೇ ನನಗೆ ಸರಿಯೆನಿಸುತ್ತದೆ.

ಶಿಕ್ಷಕರ ತರಬೇತಿಗಳಲ್ಲಿ ಪದೇ ಪದೇ ಕೇಳಿಬರುವ ಎರಡು ಮಾತುಗಳನ್ನು ಇಲ್ಲಿ ತಿದ್ದಬೇಕಾಗಿದೆ. ಓದಿದ್ದರಲ್ಲಿ ಶೇಕಡಾ 10, ಕೇಳಿದ್ದರಲ್ಲಿ 20, ಮಾಡಿದ್ದರಲ್ಲಿ 90 ನೆನಪಿರುತ್ತದೆ ಎಂಬ ಅಂಕಿಗಳನ್ನು ಅಮೆರಿಕದ ಶಿಕ್ಷಣತಜ್ಞ ಎಡ್ಗರ್ ಡೇಲ್ ಅವರ ಅನುಭವ ಶಂಕುವಿನ ಹೆಸರಿನಲ್ಲಿ ತೋರಿಸುತ್ತಾರೆ. 1946ರಲ್ಲಿ ಡೇಲ್ ಪ್ರಕಟಿಸಿದ ಶಂಕುವಿನಲ್ಲಿ ಯಾವ ಅಂಕಿಯೂ ಇರಲಿಲ್ಲ. ಅನುಭವಗಳು ಮೂರ್ತದಿಂದ ಅಮೂರ್ತದ ಕಡೆಗೆ ಹೇಗೆ ಸಾಗುತ್ತವೆ ಎಂಬ ವಿಂಗಡಣೆ ಮಾತ್ರ ಅದರಲ್ಲಿತ್ತು, ಶೇಕಡಾವಾರುಗಳನ್ನು ಅನಂತರ ಬೇರೆಯವರು ಸೇರಿಸಿದರು. ಎರಡನೆಯದು, ಕೆಲವು ಮಕ್ಕಳು ನೋಡಿ ಕಲಿಯುವವರು, ಕೆಲವರು ಕೇಳಿ ಕಲಿಯುವವರು ಎಂದು ವಿಂಗಡಿಸಿ ಅವರವರಿಗೆ ತಕ್ಕ ಉಪಕರಣ ಕೊಡಬೇಕೆಂಬ ವಾದ. 2008ರಲ್ಲಿ ಮನೋವಿಜ್ಞಾನಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಸಂಗಡಿಗರು ಸಂಶೋಧನೆಗಳನ್ನೆಲ್ಲ ಪರಿಶೀಲಿಸಿ ಇದಕ್ಕೆ ಸಾಕಷ್ಟು ಆಧಾರವಿಲ್ಲವೆಂದು ತೋರಿಸಿದರು. ಉಪಕರಣವನ್ನು ಆರಿಸಬೇಕಾದುದು ವಿಷಯಕ್ಕೆ ತಕ್ಕಂತೆ. ಭೂಪಟವನ್ನು ಎಲ್ಲರೂ ನೋಡಬೇಕು, ಪದ್ಯವನ್ನು ಎಲ್ಲರೂ ಕೇಳಬೇಕು. ಕಣ್ಣು ಕಾಣದ ಮಗುವಿನ ವಿಚಾರ ಇದಕ್ಕಿಂತ ಬೇರೆ. ಅದಕ್ಕೆ ಉಬ್ಬು ಗೆರೆಗಳ ನಕ್ಷೆ, ಬ್ರೈಲ್, ಲೆಕ್ಕಕ್ಕೆ ರಂಧ್ರಗಳಲ್ಲಿ ಮೊಳೆಗಳನ್ನು ಕೂರಿಸಿ ಅಂಕಿಗಳನ್ನು ಮುಟ್ಟಿ ಓದುವ ಟೇಲರ್ ಚೌಕಟ್ಟು ಅದರ ಹಕ್ಕು. ಬಟ್ಟೆಯ ಮೇಲೆ ದಾರ ಅಂಟಿಸಿ ಮಾಡಿದ ಕರ್ನಾಟಕದ ನಕ್ಷೆಯ ಮೇಲೆ ಕಾವೇರಿಯ ಜಾಡನ್ನು ಬೆರಳಿನಿಂದ ಹಿಂಬಾಲಿಸುವುದು ಕಣ್ಣು ಕಾಣುವ ಮಕ್ಕಳಿಗೂ ಅಷ್ಟೇ ಪ್ರಯೋಜನಕಾರಿ.

ಉಪಕರಣವನ್ನು ತರುವುದಕ್ಕಿಂತ ಹಿಂತೆಗೆದುಕೊಳ್ಳುವುದೇ ಕಷ್ಟದ ಕೆಲಸ. ಮಗು ಮೊದಲು ಕೈಯಿಂದ ಮಾಡುತ್ತದೆ, ಆಮೇಲೆ ಚಿತ್ರವಾಗಿ ಕಾಣುತ್ತದೆ, ಕೊನೆಗೆ ಸಂಕೇತವಾಗಿ ಬರೆಯುತ್ತದೆ ಎಂಬ ಮೂರು ಹಂತಗಳನ್ನು ಅಮೆರಿಕದ ಮನೋವಿಜ್ಞಾನಿ ಜೆರೋಮ್ ಬ್ರೂನರ್ 1960ರ ದಶಕದಲ್ಲಿ ವಿವರಿಸಿದರು. ನಮ್ಮ ತರಗತಿಗಳಲ್ಲಿ ಹೆಚ್ಚಾಗಿ ಬಿಟ್ಟುಹೋಗುವುದು ನಡುವಿನ ಹಂತ; ಸೋಮವಾರ ಕಡ್ಡಿ, ಮಂಗಳವಾರ ನೇರವಾಗಿ ಅಂಕಿ. ನಡುವೆ ಮಗುವು ಕಟ್ಟಿಗೆ ಒಂದು ಉದ್ದ ಗೆರೆ, ಬಿಡಿ ಕಡ್ಡಿಗೆ ಒಂದು ಚುಕ್ಕೆ ಎಂದು ಪುಸ್ತಕದಲ್ಲಿ ತಾನೇ ಚಿತ್ರ ಬರೆದು, ಬಿಚ್ಚಿದ ಕಟ್ಟಿನ ಗೆರೆಯನ್ನು ಹೊಡೆದುಹಾಕಿ ಹತ್ತು ಚುಕ್ಕೆ ಇಡಬೇಕು. ಪ್ರತಿ ಹೆಜ್ಜೆಯಲ್ಲಿ ಪಕ್ಕದಲ್ಲಿ ಅಂಕಿಯನ್ನೂ ಬರೆಯುತ್ತ ಹೋಗಬೇಕು. ಆಮೇಲೆ ಕಡ್ಡಿಗಳ ಮೇಲೆ ಕರವಸ್ತ್ರ ಮುಚ್ಚಿ, ಒಳಗೆ ಈಗ ಎಷ್ಟು ಕಟ್ಟು, ಎಷ್ಟು ಬಿಡಿ ಎಂದು ಕೇಳಬೇಕು. ಕಣ್ಣು ಮುಚ್ಚಿ ಉತ್ತರಿಸಲು ಬಂದ ಮೇಲೆ 403ರಿಂದ 128ನ್ನು ಕಳೆಯಲು ಕೊಟ್ಟು ನೋಡಬಹುದು. ಬಿಚ್ಚಲು ಅಲ್ಲಿ ಹತ್ತರ ಕಟ್ಟೇ ಇಲ್ಲ. ನೂರರ ಕಟ್ಟನ್ನು ಹತ್ತುಗಳಾಗಿ, ಅದರಲ್ಲೊಂದನ್ನು ಬಿಡಿಗಳಾಗಿ ಎರಡು ಸಲ ಬಿಚ್ಚಬೇಕು. ಮಗು ಪೆನ್ಸಿಲ್ ಹಿಡಿದು 275 ಎಂದು ಬರೆದರೆ ಕಡ್ಡಿಯ ಡಬ್ಬಿಯನ್ನು ಮುಂದಿನ ಬೆಂಚಿಗೆ ಕಳುಹಿಸಬಹುದು. ತಡವರಿಸಿದರೆ ಡಬ್ಬಿ ಇನ್ನೊಂದು ವಾರ ಅಲ್ಲೇ ಇರಲಿ.